ಎದುರಾಳಿ ಇಲ್ಲದೆ ಗೆದ್ದರಾ ಟೋನಿ ಬೌ?

ಪ್ರಶ್ನೆ: ಅಕ್ಕನ ಮಗ ಮೊಬೈಲಿನಲ್ಲಿ ಟೋನಿ ಬೌ ಅನ್ನುವವರ ವಿಡಿಯೊ ತೋರಿಸಿದ. ಸೀಟೇ ಇಲ್ಲದ ಬೈಕಿನಲ್ಲಿ ಆಳೆತ್ತರದ ಬಂಡೆ ಹತ್ತುತ್ತಾರೆ. 2007ರಿಂದ ಪ್ರತಿ ವರ್ಷ ಇವರೇ ವಿಶ್ವ ಚಾಂಪಿಯನ್ ಅಂತೆ, ಅದೂ ವರ್ಷಕ್ಕೆ ಎರಡೆರಡು ಪಟ್ಟ. ನನಗೊಂದು ಅನುಮಾನ. ಇಷ್ಟು ವರ್ಷ ಒಬ್ಬರೇ ಗೆಲ್ತಾರೆ ಅಂದ್ರೆ ಅದು ಅವರ ಹೆಚ್ಚುಗಾರಿಕೆಯಾ, ಇಲ್ಲ ಎದುರಿಗೆ ಯಾರೂ ಇಲ್ಲದ ಆಟವಾ? ಅಷ್ಟಕ್ಕೂ ಇದು ಸ್ಪರ್ಧೆಯಾ, ಸ್ಟಂಟ್ ಪ್ರದರ್ಶನವಾ?

ಉತ್ತರ: ಅನುಮಾನ ಬಂದದ್ದು ಸಹಜ. ಯಾವ ಆಟದಲ್ಲೇ ಆಗಲಿ, ಒಂದೇ ಹೆಸರು ಇಷ್ಟು ವರ್ಷ ಮೇಲೇ ಕೂತಿದ್ದರೆ ಕೆಳಗಿರುವವರು ಏನು ಮಾಡ್ತಿದ್ದಾರೆ ಅಂತ ಕೇಳಲೇಬೇಕು. ಈ ಆಟವನ್ನು ಬಹಳ ವರ್ಷದಿಂದ ನೋಡ್ತಾ ಬಂದಿರುವ ನನಗೂ ನಡುವೆ ಒಂದೆರಡು ಸಲ ಇದೇ ಸಂಶಯ ಬಂದಿತ್ತು. ನಿಮ್ಮ ಸಂಶಯದಲ್ಲಿ ಒಂದು ಪಾಲು ನಿಜವೂ ಇದೆ. ಅದಕ್ಕೆ ಕೊನೆಗೆ ಬರ್ತೀನಿ.

ಮೊದಲು ಲೆಕ್ಕ ನೋಡೋಣ. ಮೋಟಾರ್‌ಸೈಕಲ್ ಟ್ರಯಲ್‌ನಲ್ಲಿ ಎರಡು ವಿಶ್ವ ಚಾಂಪಿಯನ್‌ಷಿಪ್‌ಗಳಿವೆ. ಒಂದು ಬೆಟ್ಟ, ಕಾಡು, ಹೊಳೆ ಇರುವ ಬಯಲಿನಲ್ಲಿ ನಡೆಯುತ್ತದೆ. ಅದಕ್ಕೆ ಈಗ ಟ್ರಯಲ್ ಜಿಪಿ ಅನ್ನುತ್ತಾರೆ. ಇನ್ನೊಂದು ಒಳಾಂಗಣ ಕ್ರೀಡಾಂಗಣದಲ್ಲಿ, ಮರದ ದಿಮ್ಮಿ, ಕಾಂಕ್ರೀಟ್ ಕೊಳವೆ, ತಂದು ಜೋಡಿಸಿದ ಬಂಡೆಗಳ ಮೇಲೆ ನಡೆಯುವ ಎಕ್ಸ್-ಟ್ರಯಲ್. 2007ರಿಂದ 2024ರವರೆಗೆ, ಅಂದರೆ 18 ವರ್ಷ, ಒಂದು ವರ್ಷವೂ ತಪ್ಪದೆ ಎರಡನ್ನೂ ಬೌ ಗೆದ್ದರು. ಒಟ್ಟು 36. ರಸ್ತೆ ರೇಸಿನ ದಂತಕಥೆ ಜಾಕೊಮೊ ಅಗೊಸ್ಟಿನಿ ಗೆದ್ದ ವಿಶ್ವ ಪಟ್ಟಗಳು 15. ಮೋಟೊಕ್ರಾಸ್‌ನ ಸ್ಟೆಫಾನ್ ಎವರ್ಟ್ಸ್ 10 ಗೆದ್ದಿದ್ದಾರೆ. ಇಬ್ಬರದ್ದೂ ಕೂಡಿಸಿದರೂ ಬೌ ಹತ್ತಿರ ಬರಲ್ಲ. ಹಾಗಂತ ಬೇರೆ ಬೇರೆ ಆಟದ ಪಟ್ಟಗಳನ್ನು ತಕ್ಕಡಿಗೆ ಹಾಕಿ ತೂಗುವುದು ಸರಿಯಲ್ಲ. ಈ ಆಟದೊಳಗೆ ಏನು ನಡೆಯುತ್ತೆ ಅಂತ ಗೊತ್ತಾಗದೆ ಈ ಸಂಖ್ಯೆ ಏನನ್ನೂ ಹೇಳುವುದಿಲ್ಲ.

ಟ್ರಯಲ್ ವೇಗದ ಆಟ ಅಲ್ಲ. ಕಾಲು ನೆಲಕ್ಕೆ ತಾಗಿಸದೇ ಇರುವ ಆಟ. ಬೆಟ್ಟದ ಒಂದು ತುಂಡಿಗೆ ಎರಡೂ ಬದಿ ಪಟ್ಟಿ ಕಟ್ಟಿ, ಇಲ್ಲಿಂದ ಒಳಗೆ ಬಾ, ಅಲ್ಲಿಂದ ಹೊರಗೆ ಹೋಗು ಅಂತ ಬಾಣದ ಗುರುತು ಹಾಕುತ್ತಾರೆ. ಇದೇ ಸೆಕ್ಷನ್. ಪಕ್ಕದಲ್ಲಿ ತೀರ್ಪುಗಾರರು ನಿಂತಿರುತ್ತಾರೆ. ಒಮ್ಮೆಯೂ ಕಾಲಿಡದೆ ದಾಟಿದರೆ ಸೊನ್ನೆ, ಅದೇ ಎಲ್ಲಕ್ಕಿಂತ ಒಳ್ಳೆಯ ಅಂಕ. ಒಮ್ಮೆ ಕಾಲಿಟ್ಟರೆ 1, ಎರಡು ಸಲಕ್ಕೆ 2, ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಇಟ್ಟರೆ 3. ಬಿದ್ದರೆ, ಪಟ್ಟಿ ದಾಟಿ ಹೊರಗೆ ಹೋದರೆ, ಸೆಕ್ಷನ್ ಮುಗಿಸಲಾಗದಿದ್ದರೆ 5. ದಿನದ ಕೊನೆಗೆ ಯಾರ ಅಂಕ ಕಡಿಮೆಯೋ ಅವರೇ ಗೆದ್ದವರು. ಸಮ ಬಂದರೆ ಯಾರ ಸೊನ್ನೆಗಳು ಜಾಸ್ತಿ ಅಂತ ನೋಡುತ್ತಾರೆ.

ಇದು ಸ್ಟಂಟ್ ಅಲ್ಲ ಅನ್ನಲು ಇಷ್ಟೇ ಸಾಕು. ಸ್ಟಂಟ್ ಮಾಡುವವರು ತಮಗೆ ಬರುವುದನ್ನು, ತಾವು ಆರಿಸಿಕೊಂಡ ಜಾಗದಲ್ಲಿ, ಸರಿಬರುವವರೆಗೂ ಮಾಡಿ ತೋರಿಸುತ್ತಾರೆ. ಟ್ರಯಲ್‌ನಲ್ಲಿ ಜಾಗ ಬೇರೆಯವರು ಆರಿಸಿದ್ದು. ಒಳಗೆ ಹೋದ ಮೇಲೆ ಇನ್ನೊಂದು ಟೇಕ್ ಇಲ್ಲ.

ಒಮ್ಮೆ ಪರಿಚಯದವರ ಟ್ರಯಲ್ ಬೈಕ್ ಇಸಕೊಂಡು ನಾನೂ ಪ್ರಯತ್ನಪಟ್ಟಿದ್ದೆ. ಬಂಡೆ ಗಿಂಡೆ ಏನಿಲ್ಲ. ಮೊಣಕಾಲೂ ಮುಳುಗದ ಹಳ್ಳ, ಅದರಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲುಗಳು. ಅಗಲ ಹತ್ತು ಹೆಜ್ಜೆ ಇರಬಹುದು. ನಿಂತುಕೊಂಡೇ ಓಡಿಸಬೇಕು, ಕೂರಲು ಸೀಟಿಲ್ಲವಲ್ಲ. ಮೊದಲ ಕಲ್ಲು ದಾಟಿತು. ಎರಡನೆಯದಕ್ಕೆ ಮುಂದಿನ ಚಕ್ರ ಪಾಚಿಯ ಮೇಲೆ ಅರ್ಧ ಗೇಣು ಎಡಕ್ಕೆ ಜಾರಿತು. ನನ್ನ ಎಡಗಾಲು ನನ್ನನ್ನು ಕೇಳದೇ ನೀರಿಗೆ ಇಳಿದಿತ್ತು! ಮೂರನೇ ಕಲ್ಲಿಗೆ ಎರಡೂ ಕಾಲು. ನಾಲ್ಕನೆಯದಕ್ಕೆ ಎಂಜಿನ್ ಆಫ್. ಐದಂಕ. ದಡದಲ್ಲಿದ್ದ ಹತ್ತು ವರ್ಷದ ಹುಡುಗ ನಗು ತಡೆದುಕೊಳ್ಳಲು ಬೇರೆ ಕಡೆ ನೋಡ್ತಿದ್ದ. ಅವತ್ತು ನನಗೆ ಅರ್ಥವಾದದ್ದು ಇಷ್ಟು: ಜಾರಿದಾಗ ಕಾಲಿಡುವುದು ಮೈಯ ಹುಟ್ಟುಗುಣ. ಆ ಗುಣವನ್ನೇ ಅಳಿಸಿಹಾಕಿಕೊಂಡವರು ಟ್ರಯಲ್ ಸವಾರರು. ಅದು ದೊಡ್ಡವರಾದ ಮೇಲೆ ಕಲಿಯುವಂಥದ್ದಲ್ಲ.

ಬೌ ಕಥೆ ಶುರುವಾಗುವುದೂ ಅಲ್ಲಿಂದಲೇ, ಬಾಲ್ಯದ ಸೈಕಲ್ಲಿನಿಂದ.

ಅವರು ಹುಟ್ಟಿದ್ದು 1986ರ ಅಕ್ಟೋಬರ್ 17ರಂದು, ಸ್ಪೇನಿನ ಕಟಲೋನಿಯಾ ಪ್ರಾಂತ್ಯದ ಪಿಯೆರಾ ಊರಿನಲ್ಲಿ. ಬಾರ್ಸಿಲೋನಾದಿಂದ ಅದೇನೂ ದೂರವಿಲ್ಲ. (ಕಟಲಾನ್ ಭಾಷೆಯಲ್ಲಿ 'ಬೌ' ಅಂದರೆ ಎತ್ತು. ಹೆಸರಿಗೂ ಕೆಲಸಕ್ಕೂ ಹೊಂದಿಕೆ ಇದೆ ಅಂತ ನಗಬಹುದು.) ಎಂಜಿನ್ ಇರುವ ಬೈಕ್ ಹತ್ತುವ ಮೊದಲು ಅವರು ಟ್ರಯಲ್ ಸೈಕಲ್ ಓಡಿಸುತ್ತಿದ್ದರು. ಹಿಂದಿನ ಚಕ್ರದ ಮೇಲೆ ನಿಂತು ಕಪ್ಪೆ ಹಾಗೆ ಕುಪ್ಪಳಿಸಿ ಕಲ್ಲಿಂದ ಕಲ್ಲಿಗೆ ಹೋಗ್ತಾರಲ್ಲ, ಅದು.

ಈ ಟ್ರಯಲ್ ಸೈಕಲ್ ಎಲ್ಲಿಂದ ಬಂತು ಅನ್ನುವುದು ಒಂದು ಸ್ವಾರಸ್ಯದ ಕಥೆ. 1945ರಲ್ಲಿ ಬಾರ್ಸಿಲೋನಾದಲ್ಲಿ ಪೆರೆ ಪೆರ್ಮನ್ಯೆರ್ ಮತ್ತು ಫ್ರಾನ್ಸೆಸ್ಕ್ ಶಾವಿಯೆರ್ ಬುಲ್ಟೊ ಸೇರಿ ಮೊಂಟೆಸಾ ಅನ್ನುವ ಬೈಕ್ ಕಂಪನಿ ಕಟ್ಟಿದರು. 1958ರಲ್ಲಿ ಬುಲ್ಟೊ ಬೇರೆಯಾಗಿ ಬುಲ್ಟಾಕೊ ಶುರುಮಾಡಿದರು. ಮುಂದೆ ಈ ಎರಡೂ ಕಂಪನಿಗಳು ಟ್ರಯಲ್ ಬೈಕ್ ಮಾಡುವುದರಲ್ಲಿ ಪೈಪೋಟಿಗೆ ಬಿದ್ದವು. ಮೊಂಟೆಸಾದ ಟ್ರಯಲ್ ಬೈಕಿಗೆ ರೂಪ ಕೊಟ್ಟವರಲ್ಲಿ ಪೆರೆ ಪಿ ಅನ್ನುವ ಸವಾರರು ಮುಖ್ಯರು. ಅವರ ಚಿಕ್ಕ ಮಗನಿಗೂ ಅಪ್ಪನ ಹಾಗೆ ಬಂಡೆ ಹತ್ತುವ ಆಸೆ. ಮಗುವಿಗೆ ಮೋಟಾರ್ ಬೈಕ್ ಕೊಡೋಕಾಗುತ್ತಾ? ಸೈಕಲ್ಲನ್ನೇ ಅದಕ್ಕೆ ತಕ್ಕಂತೆ ಮಾಡಿಕೊಟ್ಟರು. ಅದರಿಂದಲೇ 'ಮೊಂಟೆಸಿಟಾ' ಅನ್ನುವ ಸೈಕಲ್ ಹೊರಬಂತು, ಒಂದು ಹೊಸ ಆಟವೂ ಹುಟ್ಟಿತು. ಆ ಮಗ ಒಟ್ ಪಿ ಮುಂದೆ ಸೈಕಲ್ ಟ್ರಯಲ್‌ನಲ್ಲಿ ಹಲವು ಬಾರಿ ವಿಶ್ವ ಚಾಂಪಿಯನ್ ಆದರು.

ಹೀಗೆ ಕಟಲೋನಿಯಾದ ಮಕ್ಕಳ ಕೈಗೆ ಸೈಕಲ್ ಬಂತು. ಅವರಲ್ಲಿ ಜೋರ್ಡಿ ಟಾರೆಸ್ ಒಬ್ಬರು. ಸೈಕಲ್ಲಿನ ಕುಪ್ಪಳಿಕೆಯನ್ನು ಮೋಟಾರ್‌ಸೈಕಲ್ಲಿಗೆ ತಂದು ಅವರು 1987ರಿಂದ 1995ರ ನಡುವೆ ಏಳು ಸಲ ವಿಶ್ವ ಪಟ್ಟ ಗೆದ್ದರು. ಅಲ್ಲಿಯವರೆಗೆ ಟ್ರಯಲ್ ಅಂದರೆ ಬೈಕ್ ಒಂದೇ ಸಮ ಉರುಳುತ್ತಾ ಹೋಗಬೇಕು, ಸವಾರ ಅದರ ಮೇಲೆ ತೂಕ ಸರಿಮಾಡಿಕೊಳ್ಳಬೇಕು, ಅಷ್ಟೆ. ಟಾರೆಸ್ ಬಂದ ಮೇಲೆ ಬೈಕನ್ನು ಎತ್ತಿ, ಪಕ್ಕಕ್ಕೆ ಹಾರಿಸಿ, ಬೇಕಾದ ಕಡೆ ಇಡುವುದು ಶುರುವಾಯಿತು. ಬೌ ಅದೇ ಸಾಲಿನವರು. ಅಂದರೆ ಮೋಟಾರ್‌ಸೈಕಲ್ಲಿನಿಂದ ಸೈಕಲ್ಲಿಗೆ ಇಳಿದ ವಿದ್ಯೆ ಒಂದು ತಲೆಮಾರು ಮಕ್ಕಳ ಮೈಯಲ್ಲಿ ಪಳಗಿ, ಮತ್ತೆ ಮೋಟಾರ್‌ಸೈಕಲ್ಲಿಗೆ ಹತ್ತಿತು. 2007ರಲ್ಲಿ ಬೌ ಮೊದಲ ಪಟ್ಟ ಗೆದ್ದದ್ದೂ ಮೊಂಟೆಸಾ ಬೈಕಿನ ಮೇಲೇ!

ಅದಕ್ಕೂ ಮುಂಚೆ ಅವರು ಬೀಟಾ ಅನ್ನುವ ಇಟಲಿ ಕಂಪನಿಯ ಬೈಕ್ ಓಡಿಸುತ್ತಿದ್ದರು. 2003ರಲ್ಲಿ ಯುರೋಪಿಯನ್ ಚಾಂಪಿಯನ್ ಆದರು. ಆಗ ವಯಸ್ಸು 17ರ ಆಸುಪಾಸು. ಆಮೇಲಿನ ಮೂರು ವರ್ಷ ದೊಡ್ಡವರ ನಡುವೆ ಕಲಿಯುವುದರಲ್ಲೇ ಹೋಯಿತು. ಯಾರೂ ಆಗ "ಈ ಹುಡುಗ ಮೂವತ್ತಾರು ಗೆಲ್ತಾನೆ" ಅಂತ ಭವಿಷ್ಯ ಹೇಳಿರಲಿಲ್ಲ.

ಈಗ 2007ಕ್ಕೆ ಬರೋಣ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಆ ವರ್ಷದ ಸಾಲಿನಲ್ಲಿ. ಬಯಲು ಚಾಂಪಿಯನ್‌ಷಿಪ್‌ನಲ್ಲಿ ಬೌ ಎದುರು ಯಾರಿದ್ದರು? ಡೌಗಿ ಲ್ಯಾಂಪ್ಕಿನ್, 1997ರಿಂದ 2003ರವರೆಗೆ ಸತತ ಏಳು ಸಲ ಗೆದ್ದವರು. ತಕಾಹಿಸಾ ಫುಜಿನಾಮಿ, 2004ರ ಚಾಂಪಿಯನ್. ಆಡಂ ರಾಗಾ, 2005 ಮತ್ತು 2006ರ ಚಾಂಪಿಯನ್. ರಾಗಾ ಒಳಾಂಗಣದಲ್ಲೂ 2003ರಿಂದ 2006ರವರೆಗೆ ನಾಲ್ಕು ಸಲ ಗೆದ್ದಿದ್ದರು. ಹಿಂದಿನ ಹತ್ತು ವರ್ಷದ ಬಯಲು ಪಟ್ಟಗಳೆಲ್ಲ ಈ ಮೂವರ ಹತ್ತಿರವೇ ಇದ್ದವು. ಮೂವರೂ ಇನ್ನೂ ಓಡಿಸುತ್ತಿದ್ದರು. ಇಪ್ಪತ್ತರ ಹುಡುಗ ಆ ಮೂವರನ್ನೂ ಒಂದೇ ವರ್ಷ, ಒಳಗೂ ಹೊರಗೂ ಸೋಲಿಸಿದ. ಇದನ್ನು ಎದುರಾಳಿ ಇಲ್ಲದ ಆಟ ಅನ್ನೋಕೆ ಬಾಯಿ ಬರಲ್ಲ.

ಆ ವರ್ಷ ಇನ್ನೊಂದು ತಮಾಷೆಯೂ ನಡೆದಿತ್ತು. ಲ್ಯಾಂಪ್ಕಿನ್ ಮೊಂಟೆಸಾ ಬಿಟ್ಟು ಬೀಟಾಗೆ ಹೋದರು, ಬೌ ಬೀಟಾ ಬಿಟ್ಟು ಮೊಂಟೆಸಾಗೆ ಬಂದರು. ಸೀಟು ಅದಲುಬದಲಾಯಿತು ಅನ್ನಬಹುದಿತ್ತು, ಸೀಟು ಇದ್ದಿದ್ದರೆ.

"ಹಾಗಾದ್ರೆ ಬೈಕೇ ಗೆಲ್ಲಿಸಿರಬೇಕು" ಅಂತ ನೀವು ಕೇಳಬಹುದು. ಕೇಳಬೇಕಾದ್ದೇ. ಮೊಂಟೆಸಾ ಆ ಹೊತ್ತಿಗಾಗಲೇ ಹೋಂಡಾ ಕೈಯಲ್ಲಿತ್ತು. 2005ರಲ್ಲಿ ಕೋಟಾ 4ಆರ್‌ಟಿ ಅನ್ನುವ ಫೋರ್ ಸ್ಟ್ರೋಕ್ ಬೈಕ್ ಬಂದಿತ್ತು. ಆದರೆ ಆ ಕಾಲದಲ್ಲಿ ಟ್ರಯಲ್‌ಗೆ ಟೂ ಸ್ಟ್ರೋಕೇ ಸರಿ ಅನ್ನುವವರೇ ಜಾಸ್ತಿ. ಟೂ ಸ್ಟ್ರೋಕ್ ಹಗುರ, ಥಟ್ಟನೆ ಎಗರುತ್ತದೆ. ಫೋರ್ ಸ್ಟ್ರೋಕ್ ಭಾರ, ಸ್ವಲ್ಪ ಸೋಮಾರಿ ಅನ್ನುವುದು ನಂಬಿಕೆ. ಅದಕ್ಕೆ ಆಧಾರವೂ ಇತ್ತು. ಬೆಲ್ಜಿಯಂನ ಎಡ್ಡಿ ಲೆಜೂನ್ ಹೋಂಡಾ ಫೋರ್ ಸ್ಟ್ರೋಕ್ ಮೇಲೆ 1982, 83, 84ರಲ್ಲಿ ಗೆದ್ದ ನಂತರ ಯಾರೂ ಫೋರ್ ಸ್ಟ್ರೋಕಿನಲ್ಲಿ ಬಯಲು ಪಟ್ಟ ಗೆದ್ದಿರಲಿಲ್ಲ. 2005ರಲ್ಲೂ 2006ರಲ್ಲೂ ಇದೇ 4ಆರ್‌ಟಿಯನ್ನು ರಾಗಾ ಗ್ಯಾಸ್‌ಗ್ಯಾಸ್ ಅನ್ನುವ ಕಂಪನಿಯ ಟೂ ಸ್ಟ್ರೋಕ್ ಬೈಕಿನಲ್ಲಿ ಸೋಲಿಸಿದ್ದರು. ಹಾಗಾಗಿ 2007ರಲ್ಲಿ ಬೌ ಹತ್ತಿದ್ದು ಗೆಲ್ಲುವ ಕುದುರೆ ಅಂತ ಹೆಸರಾದ ಬೈಕನ್ನಲ್ಲ.

ಬೈಕ್ ವಾದಕ್ಕೆ ಇನ್ನೂ ಗಟ್ಟಿ ಉತ್ತರ ಫುಜಿನಾಮಿ. ಈ ಜಪಾನಿ ಸವಾರರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ತೀನಿ. 1999ರಿಂದ 2003ರವರೆಗೆ ಐದು ವರ್ಷ ಲ್ಯಾಂಪ್ಕಿನ್ ಹಿಂದೆ ಎರಡನೇ ಸ್ಥಾನ. 2004ರಲ್ಲಿ ಕೊನೆಗೂ ಗೆದ್ದು ಆ ಪಟ್ಟದ ಮೊದಲ ಜಪಾನಿ ಆದರು. ಇನ್ನು ತಮ್ಮ ಕಾಲ ಬಂತು ಅಂದುಕೊಳ್ಳುವಷ್ಟರಲ್ಲಿ ರಾಗಾ ಬಂದರು, ಅವರ ಹಿಂದೆ ಬೌ. 2007ರಿಂದ 2021ರವರೆಗೆ ಫುಜಿನಾಮಿ ಬೌ ಅವರದೇ ತಂಡದಲ್ಲಿ, ಅದೇ ಬೈಕಿನಲ್ಲಿ, ಅದೇ ಮೆಕ್ಯಾನಿಕ್‌ಗಳ ನಡುವೆ ಇದ್ದರು. ಬೈಕ್ ಗೆಲ್ಲಿಸುವುದಾಗಿದ್ದರೆ ಹದಿನೈದು ವರ್ಷದಲ್ಲಿ ಒಂದು ಸಲವಾದರೂ ಅವರಿಗೆ ಪಟ್ಟ ಸಿಗಬೇಕಿತ್ತು ಅಲ್ವಾ? ಸಿಗಲಿಲ್ಲ. ಆದರೆ 2021ರಲ್ಲಿ, 41ನೇ ವಯಸ್ಸಿನಲ್ಲಿ, ಇಟಲಿಯಲ್ಲಿ ಒಂದು ದಿನ ಎಲ್ಲರನ್ನೂ ಹಿಂದೆ ಹಾಕಿ ಗೆದ್ದರು. ಆ ವರ್ಷ ಆಟ ನಿಲ್ಲಿಸಿ ಅದೇ ತಂಡದ ಮ್ಯಾನೇಜರ್ ಆದರು. ಜೀವನಪೂರ್ತಿ ಯಾರ ಬೆನ್ನು ನೋಡುತ್ತಾ ಓಡಿಸಿದರೋ ಅವರನ್ನು ಗೆಲ್ಲಿಸುವ ಕೆಲಸ ಈಗ ಅವರದು.

ಈ ಒಂದು ದಿನದ ಸೋಲು ಮುಖ್ಯ. ಬೌ ಸೋಲುವುದೇ ಇಲ್ಲ ಅನ್ನುವುದು ತಪ್ಪು. ದಿನಗಳನ್ನು ಸೋಲುತ್ತಾರೆ, ವರ್ಷವನ್ನು ಸೋಲುವುದಿಲ್ಲ. ಯಾಕೆ?

ಇಲ್ಲಿ ಆಟದ ಗುಣವನ್ನೇ ನೋಡಬೇಕು. ಟ್ರಯಲ್‌ನ ಚರಿತ್ರೆ ತೆಗೆದರೆ ಉದ್ದಕ್ಕೂ ದೀರ್ಘ ಆಳ್ವಿಕೆಗಳೇ. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಸ್ಯಾಮಿ ಮಿಲ್ಲರ್ 1959ರಿಂದ 1969ರವರೆಗೆ ಹನ್ನೊಂದು ವರ್ಷ ಸತತವಾಗಿ ಬ್ರಿಟಿಷ್ ಚಾಂಪಿಯನ್. ಅವರು ಏರಿಯಲ್ ಅನ್ನುವ ಭಾರದ ಬೈಕ್ ಬಿಟ್ಟು, ಸ್ಪೇನಿಗೆ ಹೋಗಿ, ಕೆಲವೇ ದಿನ ಕೂತು ಬುಲ್ಟಾಕೊಗೆ ಶೆರ್ಪಾ ಅನ್ನುವ ಹಗುರ ಟೂ ಸ್ಟ್ರೋಕ್ ಬೈಕ್ ರೂಪಿಸಿಕೊಟ್ಟರು. 1965ರಲ್ಲಿ ಅದೇ ಬೈಕಿನಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಅನ್ನುವ ಆರು ದಿನದ ಟ್ರಯಲ್ ಗೆದ್ದರು. ಬ್ರಿಟನ್ನಿನ ಭಾರದ ಟ್ರಯಲ್ ಬೈಕುಗಳ ಕಾಲ ಅಲ್ಲಿಗೆ ಮುಗಿಯಿತು. ವಿಶ್ವ ಚಾಂಪಿಯನ್‌ಷಿಪ್ 1975ರಲ್ಲಿ ಶುರುವಾಯಿತು, ಮೊದಲ ಪಟ್ಟ ಡೌಗಿಯ ಅಪ್ಪ ಮಾರ್ಟಿನ್ ಲ್ಯಾಂಪ್ಕಿನ್‌ಗೆ. ಅದರ ಹಿಂದೆಯೇ ಫಿನ್ಲೆಂಡಿನ ಯೂರ್ಯೊ ವೆಸ್ಟರಿನೆನ್ ಮೂರು ಸಲ. ಆಮೇಲೆ ಲೆಜೂನ್ ಮೂರು, ಫ್ರಾನ್ಸಿನ ತಿಯೆರಿ ಮಿಶೋ ಮೂರು, ಟಾರೆಸ್ ಏಳು, ಡೌಗಿ ಲ್ಯಾಂಪ್ಕಿನ್ ಏಳು. ಡೌಗಿ 1997ರಿಂದ 2001ರವರೆಗೆ ಒಳಾಂಗಣವನ್ನೂ ಗೆದ್ದು ಐದು ವರ್ಷ ಜೋಡಿ ಪಟ್ಟ ಇಟ್ಟುಕೊಂಡಿದ್ದರು. ಮಹಿಳೆಯರಲ್ಲಿ ಲಾಯಾ ಸಾನ್ಸ್ 13 ಸಲ.

ರೇಸಿನಲ್ಲಿ ಪಕ್ಕದವರು ಬಿದ್ದು ನಿಮ್ಮನ್ನೂ ಕೆಡವಬಹುದು. ಪಿಟ್‌ನಲ್ಲಿ ಯಾರೋ ತಪ್ಪು ಟಯರ್ ಆರಿಸಬಹುದು. ಅರ್ಧ ಸೆಕೆಂಡಿನಲ್ಲಿ ವರ್ಷ ಕೈಬಿಡಬಹುದು. ಟ್ರಯಲ್‌ನಲ್ಲಿ ಸೆಕ್ಷನ್ ಒಳಗೆ ಒಬ್ಬರೇ. ದಿನಕ್ಕೆ ಎರಡು ಮೂರು ಡಜನ್ ಸಲ ಸೆಕ್ಷನ್‌ಗೆ ಇಳಿಯಬೇಕು. ಒಂದರಲ್ಲಿ ದುರದೃಷ್ಟದಿಂದ ಐದು ಬಂದರೂ ಹೆಚ್ಚಿನವರಿಗೆ ಎಲ್ಲೋ ಒಂದು ಕಡೆ ಐದು ಬಂದೇ ಬರುತ್ತದೆ. ಅದೃಷ್ಟ ಅನ್ನುವುದು ಸಂಜೆಯ ಹೊತ್ತಿಗೆ ಸವೆದುಹೋಗಿರುತ್ತದೆ. ಉಳಿಯುವುದು ಕೈಕಾಲಿನ ವಿದ್ಯೆ ಮಾತ್ರ. ಆದ್ದರಿಂದ ಎಲ್ಲರಿಗಿಂತ ಸ್ವಲ್ಪ ಮೇಲಿರುವ ಸವಾರ ಬಂದರೆ, ಆ 'ಸ್ವಲ್ಪ' ಪ್ರತಿ ವಾರ ಕಾಣಿಸಿಕೊಳ್ಳುತ್ತದೆ. ಈ ಆಟದಲ್ಲಿ ಕಳ್ಳಗೆಲುವು ಕಷ್ಟ, ಕಳ್ಳಸೋಲೂ ಕಷ್ಟ.

ಹಾಗಾದರೆ ಬೌ ಹತ್ತಿರ ಇರುವ ಆ 'ಸ್ವಲ್ಪ' ಯಾವುದು?

ಒಂದು ಬಂಡೆಯನ್ನು ಹತ್ತಿರದಿಂದ ನೋಡೋಣ. ಬೈಕ್ ಸುಮಾರು 70 ಕೆಜಿ. ಪೆಟ್ರೋಲ್ ಟ್ಯಾಂಕ್ ಎರಡು ಲೀಟರಿನ ಆಸುಪಾಸು. ಹಿಂದಿನ ಟಯರಿನಲ್ಲಿ ಗಾಳಿ ನಾಲ್ಕೈದು ಪಿಎಸ್‌ಐ. ರಸ್ತೆ ಬೈಕಿನಲ್ಲಿ 30ರ ಹತ್ತಿರ ಇರುತ್ತೆ ಅಂತ ನೆನಪಿಟ್ಟುಕೊಳ್ಳಿ. ಬೆರಳಿನಲ್ಲಿ ಅದುಮಿದರೆ ಒಳಗೆ ಹೋಗುವಷ್ಟು ಮೆತ್ತಗಿರುವ ಈ ಟಯರು ಕಲ್ಲಿನ ಮೇಲೆ ಹಿಟ್ಟಿನ ಹಾಗೆ ಹರಡಿಕೊಂಡು ಕಚ್ಚಿ ಹಿಡಿಯುತ್ತದೆ. ಎದುರಿಗೆ ಸವಾರನ ತಲೆಗಿಂತ ಎತ್ತರದ, ಗೋಡೆಯಂಥ ಬಂಡೆ. ಓಡಿ ಬರಲು ಜಾಗ ಎರಡು ಮೀಟರ್ ಇದ್ದರೆ ಹೆಚ್ಚು.

ಬೌ ಮೊದಲು ಆಕ್ಸಿಲರೇಟರ್ ಕೊಡುತ್ತಾರೆ, ಆದರೆ ಕ್ಲಚ್ ಬಿಡುವುದಿಲ್ಲ. ಎಂಜಿನ್ ಕಿರುಚುತ್ತಿದೆ, ಬೈಕ್ ನಿಂತಲ್ಲೇ ಇದೆ. ಶಕ್ತಿಯೆಲ್ಲ ಎಂಜಿನ್ ಒಳಗೆ ತಿರುಗುತ್ತಿರುವ ಫ್ಲೈವೀಲ್ ಅನ್ನುವ ಭಾರದ ಚಕ್ರದಲ್ಲಿ ಕೂಡುತ್ತಾ ಹೋಗುತ್ತದೆ. ಮಂಡಿ ಮಡಿಸಿ ಮೈಯನ್ನು ಕೆಳಗೆ ಇಳಿಸುತ್ತಾರೆ, ಅದರ ಜೊತೆ ಸಸ್ಪೆನ್ಷನ್ನೂ ಕುಗ್ಗುತ್ತದೆ. ಈಗ ಎಡಗೈಯ ತೋರುಬೆರಳು ಒಂದೇ ಕ್ಲಚ್ ಬಿಡುತ್ತದೆ. ಕೂಡಿಟ್ಟ ಶಕ್ತಿ, ಚಿಮ್ಮುವ ಸ್ಪ್ರಿಂಗು, ನೆಟ್ಟಗಾಗುವ ಕಾಲು, ಮೂರೂ ಒಂದೇ ಗಳಿಗೆಗೆ ಸೇರಬೇಕು. ಮುಂದಿನ ಚಕ್ರ ಬಂಡೆಯ ಮುಖಕ್ಕೆ ಬೇಕಂತಲೇ ಬಡಿಯುತ್ತದೆ. ಆ ಪೆಟ್ಟಿನಿಂದ ಬೈಕ್ ಮೇಲ್ಮುಖ ಆಗುತ್ತದೆ, ಹಿಂದಿನ ಚಕ್ರ ಹಾರಿ ಬಂಡೆಯ ಅಂಚಿಗಿಂತ ಸ್ವಲ್ಪ ಕೆಳಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮೇಲಕ್ಕೆ ಉಳಿದದ್ದನ್ನು ಮೈಯೇ ಎಳೆದುಕೊಳ್ಳಬೇಕು. ಬೆರಳು ಒಂದು ಕ್ಷಣ ಮುಂಚೆ ಬಿಟ್ಟರೆ ಬೈಕ್ ಎದೆ ಮೇಲೆ, ಒಂದು ಕ್ಷಣ ತಡವಾದರೆ ಗೋಡೆಗೆ.

ಇಷ್ಟು ಮೊದಲ ಹತ್ತಿಪ್ಪತ್ತು ಸವಾರರೆಲ್ಲರೂ ಮಾಡುತ್ತಾರೆ. ಬೌ ಬೇರೆಯಾಗುವುದು ಮೇಲೆ ಹೋದ ಮೇಲೆ. ಹತ್ತುವಾಗ ಲೆಕ್ಕ ತಪ್ಪಿತು ಅಂದುಕೊಳ್ಳಿ. ಹಿಂದಿನ ಚಕ್ರ ಅಂಚಿನಲ್ಲಿ, ಬೈಕ್ ಅರ್ಧ ಹಿಂದಕ್ಕೆ ವಾಲಿದೆ. ಉಳಿದವರು ಅಲ್ಲಿ ಒಂದು ಕಾಲಿಟ್ಟು ಒಂದಂಕಕ್ಕೆ ಬಚಾವಾಗುತ್ತಾರೆ, ಅದೇ ಜಾಣತನ. ಬೌ ಆ ವಾಲಿದ ಸ್ಥಿತಿಯಲ್ಲೇ ಹಿಂದಿನ ಚಕ್ರದ ಮೇಲೆ ಒಂದು, ಎರಡು, ಮೂರು ಸಲ ಕುಪ್ಪಳಿಸಿ ತೂಕವನ್ನು ವಾಪಸ್ ತಂದುಕೊಳ್ಳುತ್ತಾರೆ. ಸೈಕಲ್ಲಿನ ವಿದ್ಯೆ ಇದು. ಬೈಕಿನ ಭಾರದಲ್ಲಿ ಅದನ್ನು ಮಾಡಲು ಬೆನ್ನು, ಭುಜ, ಮುಂಗೈ ಎಲ್ಲ ಉಕ್ಕಿನದಾಗಿರಬೇಕು. ಕಳೆದೇಹೋಯಿತು ಅಂತ ಜನ ಉಸಿರು ಬಿಟ್ಟಾಗ ಸೊನ್ನೆಯಲ್ಲಿ ಹೊರಗೆ ಬರುತ್ತಾರೆ. ನನ್ನ ಪ್ರಕಾರ ಅವರ ಹೆಚ್ಚುಗಾರಿಕೆ ಹತ್ತುವುದರಲ್ಲಿಲ್ಲ, ತಪ್ಪನ್ನು ತಿದ್ದಿಕೊಳ್ಳುವುದರಲ್ಲಿದೆ. ವಿಡಿಯೊಗಳಲ್ಲಿ ಹತ್ತಿದ್ದು ಕಾಣುತ್ತೆ, ತಿದ್ದಿದ್ದು ಅಷ್ಟಾಗಿ ಕಾಣಲ್ಲ.

ಇನ್ನೊಂದು ಕಾಣದ ಕೆಲಸ ನಡಿಗೆ. ಬೈಕ್ ಇಳಿಸುವ ಮೊದಲು ಸವಾರರು ಸೆಕ್ಷನ್‌ನೊಳಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಬೂಟಿನಿಂದ ಕಲ್ಲು ಒದ್ದು ಅಲುಗುತ್ತಾ ಅಂತ ನೋಡುತ್ತಾರೆ. ಕೂತು, ಬಗ್ಗಿ, ಚಕ್ರದ ಎತ್ತರಕ್ಕೆ ಕಣ್ಣು ತಂದು ಅಳೆಯುತ್ತಾರೆ. ಜೊತೆಗೆ ಮೈಂಡರ್ ಇರುತ್ತಾರೆ. ಕಣ್ಣು, ಗಡಿಯಾರ, ಮೆಕ್ಯಾನಿಕ್, ಬಿದ್ದರೆ ಬೈಕ್ ಹಿಡಿಯುವ ಕೈ, ಎಲ್ಲಾ ಅವರೇ. ಮುಂದೆ ಹೋದವರ ಟಯರಿನಿಂದ ಕಲ್ಲಿಗೆ ಕೆಸರು ಹತ್ತಿರುತ್ತದೆ, ಮೊದಲ ಸುತ್ತಿನಲ್ಲಿ ಒಣಗಿದ್ದ ಜಾಗ ಎರಡನೇ ಸುತ್ತಿಗೆ ಜಾರುತ್ತದೆ. ಹಾಗಾಗಿ ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಮಧ್ಯಾಹ್ನಕ್ಕೆ ಉಪಯೋಗಕ್ಕೆ ಬರದೇ ಹೋಗಬಹುದು.

ಹೆಚ್ಚುಗಾರಿಕೆ ಬರೀ ಕುಪ್ಪಳಿಕೆಯಲ್ಲೇ ಇದ್ದಿದ್ದರೆ 2013ರಲ್ಲಿ ಎಲ್ಲ ಮುಗಿಯಬೇಕಿತ್ತು. ಆ ವರ್ಷ ಬಯಲು ಟ್ರಯಲ್‌ನಲ್ಲಿ 'ನಿಲ್ಲಬಾರದು' ಅನ್ನುವ ಹಳೆಯ ನಿಯಮವನ್ನು ಮತ್ತೆ ತಂದರು. ಸೆಕ್ಷನ್ ಒಳಗೆ ಬೈಕ್ ಮುಂದಕ್ಕೆ ಚಲಿಸುವುದು ನಿಂತರೆ ಐದಂಕ. ನಿಂತು, ಕುಪ್ಪಳಿಸಿ, ದಿಕ್ಕು ಸರಿಮಾಡಿಕೊಂಡು ಹತ್ತುವ ಕಟಲಾನ್ ಶೈಲಿಯ ಬೇರಿಗೇ ಕೊಡಲಿ. ಬೌ ಕಥೆ ಇನ್ನು ಒಳಾಂಗಣಕ್ಕಷ್ಟೇ ಅಂತ ಆಗ ಲೆಕ್ಕ ಹಾಕಿದವರಲ್ಲಿ ನಾನೂ ಒಬ್ಬ. ಆ ವರ್ಷದ ಬಯಲು ಪಟ್ಟ ಯಾರಿಗೆ ಹೋಯಿತು ಅಂತ ಬೇರೆ ಹೇಳಬೇಕಿಲ್ಲವಲ್ಲ. ಉರುಳುತ್ತಾ ಹೋಗುವ ಹಳೇ ವಿದ್ಯೆಯೂ ಅವರಿಗೆ ಕೈವಶವಾಗಿತ್ತು. ನನಗೆ ಬೌ ಮೇಲಿನ ಅನುಮಾನ ಪೂರ್ತಿ ಹೋಗಿದ್ದು ಅವತ್ತು. ಒಂದೇ ನಿಯಮದಲ್ಲಿ ಹದಿನೆಂಟು ಸಲ ಗೆಲ್ಲುವುದು ಬೇರೆ, ಕಾಲಡಿಯ ನಿಯಮವೇ ಬದಲಾದಾಗಲೂ ಗೆಲ್ಲುವುದು ಬೇರೆ.

ಈಗ ನಿಮ್ಮ ಸಂಶಯದಲ್ಲಿ ನಿಜವಿರುವ ಪಾಲಿಗೆ ಬರ್ತೀನಿ.

ಟ್ರಯಲ್ ಸಣ್ಣ ಆಟ. ವಿಶ್ವ ಮಟ್ಟದಲ್ಲಿ ಮೇಲಿನ ದರ್ಜೆಯಲ್ಲಿ ಓಡಿಸುವವರನ್ನು ಒಂದು ಬಸ್ಸಿನಲ್ಲಿ ಕೂರಿಸಿ ಇನ್ನೂ ಸೀಟು ಉಳಿಸಬಹುದು. ಬೈಕ್ ಮಾಡುವ ಕಂಪನಿಗಳೂ ಕಡಿಮೆ. ಬಾರ್ಸಿಲೋನಾ ಸುತ್ತಮುತ್ತ ಹುಟ್ಟಿದ ಮಗುವಿಗೆ ಸಿಗುವ ಸೈಕಲ್, ಗುಡ್ಡ, ಗುರು, ಕಂಪನಿ, ನೋಡಿ ಕಲಿಯುವ ದೊಡ್ಡ ಸವಾರರು, ಇವೆಲ್ಲ ಒಟ್ಟಿಗೆ ಬೇರೆಡೆ ಸಿಗುವುದು ಅಪರೂಪ. ರಾಗಾ ಕೂಡ ಕಟಲೋನಿಯಾದವರೇ. ಟಾರೆಸ್ ಸವಾರಿ ಬಿಟ್ಟ ಮೇಲೆ ಟಿಆರ್‌ಆರ್‌ಎಸ್ ಅನ್ನುವ ಬೈಕ್ ಕಂಪನಿ ಹುಟ್ಟುಹಾಕಿದವರಲ್ಲಿ ಒಬ್ಬರು, ರಾಗಾ ಆ ಬೈಕನ್ನೂ ಓಡಿಸಿದರು. ಎಲ್ಲ ಒಂದೇ ಅಂಗಳದಲ್ಲಿ. ಬೌಗೆ ಸಾಟಿಯಾಗಬಲ್ಲ ಹುಡುಗ ಹುಡುಗಿಯರು ಜಗತ್ತಿನಲ್ಲಿ ಎಲ್ಲೆಲ್ಲಿ ಹುಟ್ಟಿದ್ದಾರೋ, ಅವರಲ್ಲಿ ಹೆಚ್ಚಿನವರು ಟ್ರಯಲ್ ಬೈಕನ್ನು ಕಣ್ಣಲ್ಲೂ ನೋಡಿರುವುದಿಲ್ಲ. ಫುಟ್‌ಬಾಲಿನಲ್ಲಿ ಒಬ್ಬ ಮೇಲೆ ಬರಲು ಕೋಟಿಗಟ್ಟಲೆ ಮಕ್ಕಳನ್ನು ದಾಟಬೇಕು, ಇಲ್ಲಿ ಹಾಗಿಲ್ಲ. ಇದನ್ನು ಹೇಳದೆ 36ನ್ನು ಮಾತ್ರ ಹೇಳುವವರು ಪೂರ್ತಿ ಕಥೆ ಹೇಳ್ತಿಲ್ಲ.

ಎಲ್ಲ ಪ್ರಶಸ್ತಿಗಳೂ ಬೌ ಮನೆಯಲ್ಲಿಲ್ಲ ಅನ್ನುವುದೂ ನೆನಪಿರಲಿ. ಸ್ಕಾಟಿಷ್ ಸಿಕ್ಸ್ ಡೇಸ್ ಅನ್ನುವ ಹಳೆಯ ಸ್ಪರ್ಧೆ ಇದೆ, 1909ರಲ್ಲಿ ಐದು ದಿನದ್ದಾಗಿ ಶುರುವಾಗಿ ಆಮೇಲೆ ಆರು ದಿನಕ್ಕೆ ಬೆಳೆದದ್ದು. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಊರಿನ ಸುತ್ತಲಿನ ಬೆಟ್ಟಗಳಲ್ಲಿ, ಮಳೆ, ಮಂಜು, ಜೌಗು ನೆಲದಲ್ಲಿ ದಿನಕ್ಕೆ ಮೂವತ್ತು ಸೆಕ್ಷನ್, ಹಾಗೆ ಆರು ದಿನ. ಅದನ್ನು ಡೌಗಿ ಲ್ಯಾಂಪ್ಕಿನ್ 12 ಸಲ ಗೆದ್ದಿದ್ದಾರೆ. ಅಪ್ಪ ಮಾರ್ಟಿನ್ ಮೂರು ಸಲ ಗೆದ್ದಿದ್ದರು, ದೊಡ್ಡಪ್ಪಂದಿರಾದ ಆರ್ಥರ್ ಮತ್ತು ಅಲನ್ ಒಂದೊಂದು ಸಲ. ಬೌ ಹೆಸರು ಆ ಪಟ್ಟಿಯಲ್ಲಿಲ್ಲ. ಹಳೇ ಕಾಲದ ಬ್ರಿಟಿಷ್ ಅಭಿಮಾನಿಗಳನ್ನು ಕೇಳಿದರೆ "ಅಲ್ಲಿ ಗೆಲ್ಲಲಿ, ಆಮೇಲೆ ಮಾತಾಡೋಣ" ಅನ್ನುತ್ತಾರೆ. ನಾನು ಅಷ್ಟು ಬಿಗಿಯಲ್ಲ. ಆದರೆ ಅವರ ಮಾತನ್ನು ತಳ್ಳಿಹಾಕೋಕೂ ಆಗಲ್ಲ. ಇದೇ ಡೌಗಿ 2016ರಲ್ಲಿ, 40ನೇ ವಯಸ್ಸಿನಲ್ಲಿ, ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಟಿಟಿ ಅನ್ನುವ ಬೈಕ್ ರೇಸ್ ನಡೆಯುವ ರಸ್ತೆಯ 60 ಕಿಲೋಮೀಟರ್ ಪೂರ್ತಿಯನ್ನು ಮುಂದಿನ ಚಕ್ರ ನೆಲಕ್ಕೆ ತಾಗಿಸದೆ, ಹಿಂದಿನ ಚಕ್ರವೊಂದರ ಮೇಲೇ ಒಂದೂವರೆ ಗಂಟೆ ಓಡಿಸಿ ಮುಗಿಸಿದರು. ಅದು ಮಾತ್ರ ಸ್ಟಂಟ್, ಒಪ್ಪೋಣ. ಆದರೆ ಎಂಥಾ ಸ್ಟಂಟ್!

ಅಂಕದ ಲೆಕ್ಕದಲ್ಲಿ ನನ್ನ ಉತ್ತರ ಹೀಗೆ: ಎದುರಾಳಿ ಇಲ್ಲ ಅನ್ನುವ ನಿಮ್ಮ ವಾದಕ್ಕೆ ಐದು, ಮೂರು ಚಾಂಪಿಯನ್‌ಗಳನ್ನು ಸೋಲಿಸಿ ಬಂದವರ ಮುಂದೆ ಅದು ನಿಲ್ಲಲ್ಲ. ಆಟ ಸಣ್ಣದು ಅನ್ನುವ ವಾದಕ್ಕೆ ಸೊನ್ನೆ, ಎಲ್ಲೂ ಕಾಲಿಡದೆ ದಾಟುತ್ತದೆ.

ಅಕ್ಕನ ಮಗ ಮುಂದಿನ ವಿಡಿಯೊ ತೋರಿಸಿದಾಗ ಬಂಡೆಯನ್ನು ನೋಡಬೇಡಿ. ಹ್ಯಾಂಡಲ್‌ನ ಎಡಗಡೆ, ಕ್ಲಚ್ ಮೇಲಿರುವ ಆ ಒಂದು ಬೆರಳನ್ನು ನೋಡಿ. ಹಿನ್ನೆಲೆಗೆ ಸಂಗೀತ ಹಾಕಿರುವ ವಿಡಿಯೊ ಬೇಡ, ಎಂಜಿನ್ ಶಬ್ದ ಇರುವುದನ್ನೇ ಹುಡುಕೋಕೆ ಹೇಳಿ. ಶಬ್ದ ಏರಿ, ಬೈಕ್ ಅಲುಗದೆ ನಿಂತು, ಬೆರಳು ಇನ್ನೂ ಮಡಿಚಿಯೇ ಇರುವ ಒಂದು ಗಳಿಗೆ ಬರುತ್ತದೆ. ಅಲ್ಲಿ ವಿಡಿಯೊ ನಿಲ್ಲಿಸಿ, ಈಗ ಹಿಂದಿನ ಚಕ್ರ ಎಲ್ಲಿ ಬೀಳುತ್ತೆ ಅಂತ ಇಬ್ಬರೂ ಬೆರಳಿಟ್ಟು ತೋರಿಸಿ. ನಾನು ಇವತ್ತಿಗೂ ಹತ್ತರಲ್ಲಿ ಏಳು ಸಲ ತಪ್ಪು ಹೇಳ್ತೀನಿ.